ನೀರು ತಿಳಿಯೋ ತನಕ

ಜೂನ್ ೧೧, ಮೇಲಿನ ಕ್ಯಾಂಪು

ಭಾವ,

ಬೆರಳೆಲ್ಲ ಮರಗಟ್ಟಿವೆ, ಪೆನ್ನು ಹಿಡಿಯೋಕೆ ಆಗ್ತಿಲ್ಲ. ಅದಕ್ಕೇ ಫೋನಿಗೆ ಹೇಳ್ತಾ ಇದೀನಿ, ಅದೇ ಅಕ್ಷರ ಮಾಡ್ಕೊಳ್ಳುತ್ತೆ. ಗುರುವಾರ ಕೆಳಗಿನ ತಂಗುಮನೆಗೆ ಇಳಿದಾಗ ಸಿಗ್ನಲ್ ಸಿಕ್ಕಿದ್ರೆ ನಿಮಗೆ ಬರುತ್ತೆ. ಎಲ್ಲರೂ ಮಲಗಿ ಆಯ್ತು. ನಾನು ಬೇಕಿತ್ತುಗಳ ಮುಂದೆ ಕೂತಿದೀನಿ. ಬಕೆಟ್ಟು ಅಂದ್ರೆ ಈ ಫೋನು ‘ಬೇಕಿತ್ತು’ ಅಂತ ಬರ್ಕೊಳ್ತಿದೆ, ಮೂರು ಸಲ ತಿದ್ದಿದೆ, ಸಾಕು. ಹಿಮ ಕರಗಿ ಬರೋ ನೀರು, ನಿಮಗೆ ಗೊತ್ತಲ್ಲ, ಅಕ್ಕಿ ತೊಳೆದ ನೀರಿನ ಹಾಗೆ. ಅದರ ಮಣ್ಣು ತಳಕ್ಕೆ ಕೂರೋ ತನಕ ನಾನೂ ಕೂರಬೇಕು. ಬುಗುರಿ ಅಂತ ನೀವೇ ಹೆಸರಿಟ್ಟವನಿಗೆ ಇದಕ್ಕಿಂತ ಶಿಕ್ಷೆ ಬೇಕಾ? ಹಣ್ಣಿನ ಗೋದಾಮಲ್ಲಿ ಮೂರು ತಿಂಗಳು, ಹೋಟೆಲಿನ ಪಾತ್ರೆ ಕೋಣೆಯಲ್ಲಿ ಎರಡು ತಿಂಗಳು, ಎಲ್ಲೂ ನಿಲ್ಲದೆ ಇದ್ದೋನು ಈಗ ಮಣ್ಣು ಕೂರೋದನ್ನ ಕಾಯ್ತಿದೀನಿ.

ಈ ವರ್ಷ ನಿಮ್ಮ ಜಾಗದಲ್ಲಿ ನಾನೇ ನೀರಿನವನು. ನೀರು ಶುದ್ಧ ಮಾಡೋ ಬೆಳಕಿನ ಕಡ್ಡಿನೂ ನಿಮ್ಮದೇ. ಹಿಡಿಗೆ ನೀವು ಸುತ್ತಿದ ಕಪ್ಪು ಟೇಪು ಹಾಗೇ ಇದೆ. ಲೀಟರಿಗೆ ತೊಂಬತ್ತು ಸೆಕೆಂಡು. ಅದ್ದು, ಗುಂಡಿ ಒತ್ತು, ನೀಲಿ ಬೆಳಕು ಬರುತ್ತೆ, ತಿರುಗಿಸ್ತಾ ಇರು, ಹಸಿರು ದೀಪ ಬಂದ್ರೆ ಮುಗೀತು, ಮುಂದಿನ ಬಾಟಲಿ. ದಿನಾ ಇಪ್ಪತ್ತೆರಡು ಬಾಟಲಿ. ಹದಿನೈದನೇದಕ್ಕೆ ಮಣಿಕಟ್ಟು ನಂದಲ್ಲ ಅನ್ಸುತ್ತೆ.

ಚಾರಣಕ್ಕೆ ಬಂದ ಒಬ್ಬ ಅತಿಥಿ ಕೇಳ್ದ, ಈ ಬೆಳಕು ಕ್ರಿಮಿಗಳನ್ನ ಸಾಯಿಸುತ್ತಾ ಅಂತ. ನೀವು ಹೇಳ್ಕೊಟ್ಟಿದ್ದನ್ನೇ ಹೇಳ್ದೆ: ‘ಸಾಯಿಸಲ್ಲ ಸಾರ್, ಸಂಸಾರ ಹೂಡೋಕೆ ಬಿಡಲ್ಲ. ಬದುಕಿರ್ತವೆ, ವಂಶ ಬೆಳೆಯಲ್ಲ.’ ಹೇಳಾದ್ಮೇಲೆ ಅನ್ನಿಸ್ತು, ಇದು ನನ್ನ ಕಥೆನೇ ಆಯ್ತಲ್ಲ.

ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದೋರು ನೀವು. ಹೋದ ವರ್ಷ ಸೀಸನ್ ಮುಗಿಯೋಕೆ ಮುಂಚೆನೇ ಮಂಡಿ ನೋವು ಅಂತ ಗಂಟು ಕಟ್ಕೊಂಡು ಹೊರಟೇ ಹೋದ್ರಿ. ನಡುನೀರಲ್ಲಿ ಕೈಬಿಡೋದು ಅಂತಾರಲ್ಲ, ನನ್ನ ವಿಷಯದಲ್ಲಿ ಅದು ಬರೀ ಗಾದೆ ಅಲ್ಲ.

ಅಕ್ಕಂಗೆ ಹೇಳಿ, ಸ್ವೆಟರು ತೋಳು ಉದ್ದ ಆಯ್ತು, ಆದ್ರೆ ಕಡ್ಡಿಯ ಬ್ಯಾಟರಿ ಬೆಚ್ಚಗಿಡೋಕೆ ಸರಿಯಾಗಿದೆ.

ಬುಗುರಿ


ಜೂನ್ ೧೯, ಈಜುಕೊಳದ ಕಚೇರಿ

ಬುಗುರಿ,

ನಿನ್ನ ಮಾತು ಅಕ್ಷರವಾಗಿ ಬಂದು ಸೇರಿತು. ತಿದ್ದಿದ್ದೇನೆ ಎಂದೆಯಲ್ಲ, ಒಂದು ಕಡೆ ತಿದ್ದಿಯೇ ಇಲ್ಲ. ‘ನಾನು ಬೇಕಿತ್ತುಗಳ ಮುಂದೆ ಕೂತಿದೀನಿ’ ಎಂದೇ ಇತ್ತು. ನಿನ್ನಕ್ಕ ಓದಿ ನಕ್ಕಳು.

ನಾನು ಕಾಗದದಲ್ಲೇ ಬರೆಯುತ್ತೇನೆ. ವಾರಕ್ಕೊಮ್ಮೆ ನಿಮಗೆ ಸಾಮಾನು ತರುವ ಗಾಡಿಯವನು ಪರಿಚಯದವನೇ, ಅವನ ಕೈಗೆ ಕೊಡುತ್ತೇನೆ. ಅದಕ್ಕೊಂದು ಕಾರಣವಿದೆ. ನೀರು ತಿಳಿಯುವ ಮೊದಲು ಬೆಳಕು ಹಾಕಬೇಡ. ಮಣ್ಣಿನ ಒಂದೊಂದು ಕಣದ ಬೆನ್ನಿಗೂ ಒಂದು ಕ್ರಿಮಿ ನೆರಳು ಹಿಡಿದು ಕೂತಿರುತ್ತದೆ, ಬೆಳಕು ಅದರ ಮೈ ಮುಟ್ಟುವುದಿಲ್ಲ. ಕಡ್ಡಿ ಮಾತ್ರ ಪೆದ್ದ, ತೊಂಬತ್ತು ಎಣಿಸಿ ಹಸಿರು ತೋರಿಸಿಬಿಡುತ್ತದೆ. ಅತಿಥಿಗಳ ಸ್ಟೀಲಿನ ಬಾಟಲಿಯನ್ನು ನಂಬಬೇಡ, ಒಳಗೇನಿದೆ ಎಂದು ಅದು ಹೇಳುವುದಿಲ್ಲ. ಮೊದಲು ನಿನ್ನ ಪ್ಲಾಸ್ಟಿಕ್ ಬಾಟಲಿಗೆ ಸುರಿ. ಈ ಕಾಗದದ ಮೇಲಿಟ್ಟು ಮೇಲಿನಿಂದ ನೋಡು. ನನ್ನ ಅಕ್ಷರ ಓದಲಿಕ್ಕೆ ಬಂದರೆ ನೀರು ತಿಳಿದಿದೆ. ಬಾರದಿದ್ದರೆ ಕಾಯಿ. ಅಕ್ಷರ ದಪ್ಪಗೆ ಬರೆದಿದ್ದೇನೆ.

ಬಾಟಲಿಯ ಕತ್ತಿನ ಸುರುಳಿ ಒರೆಸುವುದನ್ನು ಮರೆಯಬೇಡ. ಅಲ್ಲಿ ನಿಂತ ಹನಿಗೆ ಬೆಳಕು ತಾಗಿರುವುದಿಲ್ಲ.

ಮತ್ತೆ ಒಂದು ಲೆಕ್ಕ. ಅತಿಥಿಗಳು ಹದಿನೆಂಟು ಎಂದು ಗಾಡಿಯವನು ಹೇಳಿದ. ಕೆಲಸದವರು ನೀನೂ ಸೇರಿ ಐದು. ಇಪ್ಪತ್ತಮೂರಾಗಬೇಕು. ನೀನು ಇಪ್ಪತ್ತೆರಡು ಎಂದೆ. ಇಪ್ಪತ್ತಮೂರನೆಯದು ಎಲ್ಲಿ?

ಮಂಡಿಯ ವಿಷಯ: ನಲವತ್ತಾರು ವರ್ಷದ ಮಂಡಿ, ಅದು ಯಾರನ್ನೂ ಕೇಳಿ ನೋಯುವುದಿಲ್ಲ. ಇಲ್ಲಿ ದಿನಕ್ಕೆ ಮೂರು ಸಲ ಕೊಳದ ನೀರನ್ನು ಗಾಜಿನ ಕೊಳವೆಯಲ್ಲಿ ಹಿಡಿದು ಬಣ್ಣ ನೋಡುತ್ತೇನೆ. ಈ ನೀರನ್ನು ಯಾರೂ ಕುಡಿಯುವುದಿಲ್ಲ. ಹಾಗಾಗಿ ನಿದ್ದೆ ಬರುತ್ತದೆ.

ನಿನ್ನ ಭಾವ


ಜುಲೈ ೩, ಮೇಲಿನ ಕ್ಯಾಂಪು

ಭಾವ,

ಇಪ್ಪತ್ಮೂರನೇದು ಎಲ್ಲೂ ಹೋಗಿಲ್ಲ, ಫೋನು ತಪ್ಪು ಬರ್ಕೊಂಡಿರುತ್ತೆ. ನಾಲ್ಕು ದಿನದಿಂದ ಹೊಟ್ಟೆ ಸ್ವಲ್ಪ ಸರಿಯಿಲ್ಲ. ಇಲ್ಲಿ ಗಾಳಿ ಹಾಗೆ.

ನಿಮ್ಮ ಕಾಗದ ಈಗ ಕ್ಯಾಂಪಿನ ಸಾಮಾನು. ದಿನಾ ಸಂಜೆ ಬಾಟಲಿ ಕೆಳಗೆ ಇಡ್ತೀನಿ. ಮೊದಲು ಬರೀ ಬಿಳುಪು, ಎರಡು ಗಂಟೆ ಆದ್ಮೇಲೆ ಒಂದು ‘ಮಂ’ ಕಾಣುತ್ತೆ, ಆಮೇಲೆ ‘ಡಿ’. ಮಧ್ಯರಾತ್ರಿ ಹೊತ್ತಿಗೆ ‘ಕೇಳಿ ನೋಯುವುದಿಲ್ಲ’ ತನಕ ಓದ್ಬಹುದು. ಅತಿಥಿಗಳು ಮಂತ್ರ ಗಿಂತ್ರ ಇರ್ಬೇಕು ಅನ್ಕೊಂಡಿದಾರೆ.

ಈಗ ಮುಖ್ಯ ವಿಷಯ. ಹೋದ ವರ್ಷದ ಟೀಚರಮ್ಮ ನೆನಪಿದಾರಾ? ಕೆಂಪು ಟೋಪಿ, ರಿಟೈರಾದೋರು, ಎಲ್ಲರ ಉಚ್ಚಾರಣೆ ತಿದ್ತಾ ನಡೀತಿದ್ರು. ಏಳನೇ ದಿನ ಕಾಯಿಲೆ ಬಿದ್ರು, ನಾವು ನಾಲ್ಕು ಜನ ಸ್ಟ್ರೆಚರಲ್ಲಿ ಇಳಿಸಿದ್ವಿ. ಅವರು ಕಂಪನಿಗೆ ಕಾಗದ ಬರೆದಿದಾರೆ. ಕ್ಯಾಂಪು ನಡೆಸೋ ಮೇಡಂ ನಂಗೆ ಓದಿ ಹೇಳಿದ್ರು. ಮೂರು ವಾರ ಆಸ್ಪತ್ರೆಯಲ್ಲಿ ಇದ್ರಂತೆ. ಸಿಟ್ಟಿಲ್ಲವಂತೆ, ಪರಿಹಾರನೂ ಬೇಡವಂತೆ. ‘ಒಂದು ಮಧ್ಯಾಹ್ನ ಸೆಕೆ ಅಂತ ಹಳ್ಳದ ನೀರಲ್ಲಿ ಬಾಯಿ ಮುಕ್ಕಳಿಸಿದ್ದೆ, ಅದರಿಂದಾಯ್ತಾ? ನನ್ನ ಮಕ್ಕಳು, ನಿನಗೆ ವಯಸ್ಸಾಯ್ತು, ಮೈಮೇಲೆ ಎಚ್ಚರ ಇಲ್ಲ ಅಂತ ಒಬ್ಬಳನ್ನೇ ಎಲ್ಲೂ ಕಳಿಸ್ತಿಲ್ಲ. ನನ್ನದೇ ತಪ್ಪಾದ್ರೆ ತಪ್ಪು ಅಂತ ಹೇಳಿ, ಮನೇಲಿ ಕೂರ್ತೀನಿ’ ಅಂತ ಬರೆದಿದಾರೆ.

ಮೇಡಂ ಉತ್ತರ ಟೈಪ್ ಮಾಡಿ ಇಟ್ಟಿದಾರೆ. ಅದರಲ್ಲಿ ಹೀಗಿದೆ: ಆಗಿನ ಮುಖ್ಯ ನೀರಿನವನು ಕದಡಿದ ನೀರಿಗೆ ಬೆಳಕು ಹಾಕಿ ಕೊಟ್ಟಿದ್ದ, ತಾನೇ ಒಪ್ಪಿಕೊಂಡಿದ್ದಾನೆ, ಕೆಲಸದಿಂದ ತೆಗೆದಿದ್ದೇವೆ. ಕೆಳಗೆ ಜೊತೆಗಿದ್ದವನು ಅಂತ ನನ್ನ ಸಹಿ ಬೇಕಂತೆ. ಹಾಕಿದ್ರೆ ಈ ದೇಶದಲ್ಲಿ ಇರೋಕೆ ಮೂರು ವರ್ಷದ ಪರ್ಮಿಟ್ಟಿಗೆ ಕಂಪನಿ ಶಿಫಾರಸು.

ಭಾವ, ನಿಮ್ಮನ್ನ ತೆಗೆದುಹಾಕಿದ್ರಾ? ಮಂಡಿ ಅಂದ್ರಲ್ಲ? ಕದಡಿದ ನೀರಿಗೆ ಕಡ್ಡಿ ಅದ್ದೋ ಜನ ನೀವಲ್ಲ. ನನ್ನ ಬೆನ್ನಿಗೆ ಗುದ್ದಿ ಗುದ್ದಿ ಅದನ್ನ ಹೇಳ್ಕೊಟ್ಟೋರು ನೀವು. ಸುಳ್ಳು ಅಂತ ಒಂದು ಮಾತು ಬರೀರಿ, ಆ ಹಾಳೆ ಹರಿದು ಹಾಕ್ತೀನಿ.

ಬುಗುರಿ


ಜುಲೈ ೧೧, ಮನೆ

ಬುಗುರಿ,

ಸಹಿ ಹಾಕು.

ಬರೆದಿರುವುದು ನಿಜ. ಕದಡಿದ ನೀರು, ನನ್ನ ಕೈ, ನನ್ನ ಕಡ್ಡಿ. ಆ ತಾಯಿಗೆ ಬೇಕಾದದ್ದು ಉತ್ತರ, ಅದು ಆ ಹಾಳೆಯಲ್ಲಿದೆ. ತಡ ಮಾಡಿದಷ್ಟು ದಿನ ಅವರು ಮನೆಯಲ್ಲಿ ಕೂತಿರಬೇಕಾಗುತ್ತದೆ. ನಿನಗೆ ಬೇಕಾದದ್ದು ಪರ್ಮಿಟ್ಟು, ಅದೂ ಅದರಲ್ಲೇ ಇದೆ. ನನಗೆ ಬೇಕಾದದ್ದು ಏನೂ ಇಲ್ಲ. ಇಷ್ಟು ಸಲೀಸಾದ ಕಾಗದ ಜನ್ಮದಲ್ಲಿ ಒಂದೇ ಸಲ ಬರುತ್ತದೆ. ಬುಗುರಿತನ ಬಿಟ್ಟು ಒಂದು ಕಡೆ ನಿಲ್ಲು.

ಹೊಟ್ಟೆ ಕೆಡಿಸುವ ಗಾಳಿ ಆ ಬೆಟ್ಟದಲ್ಲಿಲ್ಲ. ಹನ್ನೊಂದು ವರ್ಷ ಅದನ್ನೇ ಉಸಿರಾಡಿದ್ದೇನೆ. ಇಪ್ಪತ್ತಮೂರನೆಯ ಬಾಟಲಿ ನಿನ್ನದು. ಎಲ್ಲರದ್ದೂ ಮುಗಿದ ಮೇಲೆ ಸುಸ್ತಾಗಿ ಹಾಗೇ ಕುಡಿದು ಮಲಗುತ್ತೀಯ. ನನಗೆ ಗೊತ್ತು, ನಾನೂ ಮಾಡಿದ್ದೇನೆ.

ನಿನ್ನ ಭಾವ

ಪುಟ್ಟಾ, ನಾನು ಅಕ್ಕ. ಇವರು ಗೋಂದು ಹುಡುಕ್ತಿದಾರೆ, ಅಷ್ಟರಲ್ಲಿ ಬರೀತಿದೀನಿ. ಇವರ ಮಂಡಿಗೆ ಏನೂ ಆಗಿಲ್ಲ ಕಣೋ. ನಮ್ಮದು ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ದಿನಾ ಎರಡೆರಡು ಮೆಟ್ಟಿಲು ಹಾರಿ ಹತ್ತಿ ಬರ್ತಾರೆ. ಅಲ್ಲಿ ಏನಾಯ್ತು ಅಂತ ನಂಗೆ ಹೇಳಿಲ್ಲ. ಕೇಳಿದ್ರೆ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡ್ತಾ ಕೂರ್ತಾರೆ. ನಿಂಗಾದ್ರೂ ತಿಳಿದ್ರೆ ಹೇಳು.


ಜುಲೈ ೨೬, ಮೇಲಿನ ಕ್ಯಾಂಪು

ಭಾವ,

ಎರಡು ಗುರುವಾರ ಫೋನು ಮಾಡಿದೆ, ನೀವು ಎತ್ತಲಿಲ್ಲ. ಅದಕ್ಕೇ ಮತ್ತೆ ಇದಕ್ಕೇ ಹೇಳ್ತಿದೀನಿ.

ಸಹಿ ಹಾಕಿಲ್ಲ. ಹಾಕೋಣ ಅಂತಲೇ ಇದ್ದೆ, ಸುಳ್ಳು ಹೇಳಲ್ಲ. ಪೆನ್ನು ಮೇಡಂ ಹತ್ರ ಇತ್ತು, ತರೋಕೆ ಬೇಜಾರಾಗಿ ನಾಳೆ ಅಂದ್ಕೊಂಡೆ.

ನಿನ್ನೆ ಮಣ್ಣು ಕೂರ್ತಾನೇ ಇರಲಿಲ್ಲ. ಮೇಲೆಲ್ಲೋ ಕುಸಿದಿರ್ಬೇಕು, ನೀರು ಬಿಳೀ ಬಣ್ಣದ ಡಬ್ಬ ಅದ್ದಿದ ಹಾಗಿತ್ತು. ಬಾಟಲಿ ನಿಮ್ಮ ಕಾಗದದ ಮೇಲಿಟ್ಟು ಬಗ್ಗಿ ನೋಡ್ತಾ ಇದ್ದೆ. ಕಣ್ಣು ಎಳೀತಿತ್ತು. ಬಾಯಿಗೆ ಬಂದದ್ದು, ಆ ಬಾಟಲಿಯನ್ನೇ ಕೇಳ್ದೆ: ‘ತಿಳೀತಾ?’

ಕೇಳಿದ್ದೇ ತಡ, ಹೋದ ವರ್ಷದ ಒಂದು ಸಂಜೆ ನೆನಪಾಯ್ತು.

ನಿಮ್ಮ ಬಾಯಲ್ಲಿ ನೀರು ತಿಳಿಯಾಗಲ್ಲ, ತಿಳಿಯುತ್ತೆ. ನಾನು ಬಂದು ಎರಡು ವಾರ ಆಗಿತ್ತಷ್ಟೇ, ನಂಗೆ ಆ ಮಾತು ಅಭ್ಯಾಸ ಇರಲಿಲ್ಲ. ಟೀಚರಮ್ಮನ ತಂಡ ಬಂದ ನಾಲ್ಕನೇ ದಿನ ಸಂಜೆ, ನಾನು ಮೇಲೆ ಹಳ್ಳದ ಹತ್ರ ಬಕೆಟ್ಟು ಕಾಯ್ತಿದ್ದೆ, ನೀವು ಕೆಳಗೆ ಡೇರೆ ಹತ್ರ ಕಡ್ಡಿ ಹಿಡ್ಕೊಂಡು. ರೇಡಿಯೋದಲ್ಲಿ ಬೈದ್ರಿ, ‘ಕತ್ತಿನ ಸುರುಳಿ ಒರೆಸ್ದೆ ಮುಚ್ಚಳ ಹಾಕ್ತೀಯಲ್ಲೋ ದಡ್ಡ, ಎಷ್ಟು ಸಲ ಹೇಳ್ಬೇಕು?’ ನಂಗೆ ಉರೀತಿತ್ತು. ಸ್ವಲ್ಪ ಬಿಟ್ಟು ಕೇಳಿದ್ರಿ, ‘ತಿಳೀತಾ?’ ನಾನು, ‘ತಿಳೀತು ಮಾರಾಯ್ರೇ, ತಿಳೀತು!’ ಅಂದೆ. ನೀವು, ‘ಹಾಗಾದ್ರೆ ತುಂಬ್ಕೊಂಡು ಬಾ’ ಅಂದ್ರಿ.

ನಾನು ಬೈಗುಳದ ಬುದ್ಧಿ ತಿಳೀತು ಅಂದೆ. ನೀವು ಕೇಳಿದ್ದು ನೀರನ್ನ.

ಬಕೆಟ್ಟು ಇನ್ನೂ ಹಾಲಿನ ಹಾಗಿತ್ತು ಭಾವ. ನಂಗೆ ಕಾಣಿಸ್ತಿತ್ತು. ತುಂಬು ಅಂದ್ರಲ್ಲ, ಕೆಳಗೆ ಕಡ್ಡಿ ಇದೆಯಲ್ಲ, ಬೆಳಕು ಎಲ್ಲ ನೋಡ್ಕೊಳ್ಳುತ್ತೆ ಅಂದ್ಕೊಂಡೆ. ಸ್ಟೀಲಿನ ಬಾಟಲಿ, ಕತ್ತಲಾಗಿತ್ತು, ನಿಮಗೆ ಹೇಗೆ ಗೊತ್ತಾಗ್ಬೇಕು?

ನೀವಲ್ಲ. ನಾನು. ನಿಮಗೆ ಇದು ಯಾವಾಗಿಂದ ಗೊತ್ತು?

ಬುಗುರಿ


ಆಗಸ್ಟ್ ೨, ಈಜುಕೊಳದ ಕಚೇರಿ

ಬುಗುರಿ,

ಎಂಟನೆಯ ದಿನದಿಂದ. ಟೀಚರಮ್ಮನನ್ನು ನೀವು ಇಳಿಸಿಕೊಂಡು ಹೋದ ಮೇಲೆ ಅವರ ಬಾಟಲಿ ತೊಳೆಯುತ್ತಿದ್ದೆ. ತಳದ ಮೂಲೆಯಲ್ಲಿ ಬೆರಳಿಗೆ ಬಿಳಿ ಮಣ್ಣು ಹತ್ತಿತು. ಕಲ್ಲಿನ ಮೇಲೆ ಕೂತು ಒಂದೊಂದೇ ಸಂಜೆ ಹಿಂದಕ್ಕೆ ನಡೆದೆ. ರೇಡಿಯೋ ಮಾತು ನೆನಪಾಯಿತು. ಆಗ ನಕ್ಕುಬಿಟ್ಟೆ, ಯಾಕೆಂದು ಕೇಳಬೇಡ.

ನಿನ್ನದೇನು ತಪ್ಪು? ನೀರನ್ನು ಕೇಳಬೇಕಾದದ್ದನ್ನು ನಿನ್ನನ್ನು ಕೇಳಿದೆ. ನೋಡದೆ ನಂಬಿದೆ. ಮೂರು ಹೆಜ್ಜೆ ಆಚೆ ಟಾರ್ಚು ಇತ್ತು, ಒಂದು ಬಾಟಲಿ ಲೋಟಕ್ಕೆ ಸುರಿದು ನೋಡಬಹುದಿತ್ತು. ಸುಸ್ತಾಗಿತ್ತು. ಆ ತಪ್ಪಿಗೆ ಒಂದು ಹೆಸರಿಡಬೇಕಾದರೆ ಸುಸ್ತು ಎಂದೇ ಇಡಬೇಕು.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ನಿನ್ನ ಪರ್ಮಿಟ್ಟು ಆಗ ಮೊದಲ ವರ್ಷದ್ದು. ಒಂದು ದೂರು ಸಾಕಿತ್ತು ನಿನ್ನನ್ನು ವಾಪಸ್ಸು ಕಳಿಸಲಿಕ್ಕೆ. ನನ್ನದು ಹಳೆಯದು, ಕೆಲಸ ಹೋದರೂ ದೇಶ ಬಿಡಬೇಕಾಗಿರಲಿಲ್ಲ. ಲೆಕ್ಕ ಅಷ್ಟೇ. ಇದರಲ್ಲಿ ದೊಡ್ಡತನ ಹುಡುಕಬೇಡ. ಮಂಡಿಯ ಕಥೆ ನಿನ್ನಕ್ಕನಿಗಾಗಿ ಕಟ್ಟಿದ್ದು, ಆಮೇಲೆ ನಿನಗೂ ಅದನ್ನೇ ಬಳಸಿದೆ.

ಒಂದು ವರ್ಷ ಇದನ್ನು ತಳಕ್ಕೆ ಕೂರಿಸಿದ್ದೇನೆ. ಈಗ ಬಂದು ಬಕೆಟ್ಟು ಒದೆಯಬೇಡ. ಸಹಿ ಹಾಕು. ಇದು ಕೇಳಿಕೆಯಲ್ಲ.

ನಿನ್ನ ಭಾವ


ಆಗಸ್ಟ್ ೧೩, ಕೆಳಗಿನ ತಂಗುಮನೆ

ಭಾವ,

ಬಕೆಟ್ಟು ಒದ್ದೇಬಿಟ್ಟೆ.

ಟೈಪ್ ಮಾಡಿದ ಹಾಳೆಯ ಹಿಂಭಾಗದಲ್ಲಿ ನಾನೇ ಕೈಯಾರೆ ಬರೆದೆ, ಅವರ ಭಾಷೆಯಲ್ಲಿ, ತಪ್ಪೋ ಒಪ್ಪೋ. ರೇಡಿಯೋ, ಬೈಗುಳ, ತಿಳೀತಾ, ತಿಳೀತು, ಹಾಲಿನ ಹಾಗಿದ್ದ ಬಕೆಟ್ಟು, ಎಲ್ಲ. ‘ಹಳ್ಳದಲ್ಲಿ ಬಾಯಿ ಮುಕ್ಕಳಿಸಿದ್ದರಿಂದ ಅಲ್ಲ ಟೀಚರ್, ನೂರಕ್ಕೆ ನೂರು ಅಂತ ಯಾರೂ ಹೇಳಕ್ಕಾಗಲ್ಲ, ಆದ್ರೆ ಆ ಸಂಜೆಯ ನೀರು ನಾನು ತುಂಬಿದ್ದು, ನಾನು ನೋಡಿ ತುಂಬಿದ್ದು’ ಅಂತ ಬರೆದೆ. ಕೆಳಗೆ ಸಹಿ ಹಾಕಿದೆ. ನೀವು ಸಹಿ ಹಾಕು ಅಂದ್ರಲ್ಲ, ಹಾಕಿದೀನಿ.

ಮೇಡಂ ಎರಡು ಸಲ ಓದಿದ್ರು. ಕನ್ನಡಕ ತೆಗೆದು ಮೇಜಿನ ಮೇಲಿಟ್ರು. ಅವರೂ ಸುಸ್ತಾಗಿದ್ರು, ಬೆಳಗ್ಗೆಯಿಂದ ಹರಿದ ಡೇರೆಗಳ ಪಟ್ಟಿ ಮಾಡ್ತಿದ್ರು.

‘ಒಂದು ಪದಕ್ಕೆ ಎರಡು ಅರ್ಥ ಇಟ್ಕೊಂಡು ಹೇಗಪ್ಪಾ ಬದುಕ್ತೀರಾ ನೀವು?’

‘ಎರಡೂ ಒಂದೇ ಅರ್ಥ ಮೇಡಂ. ಅವತ್ತು ನಮಗೆ ಗೊತ್ತಾಗ್ಲಿಲ್ಲ.’

‘ಇದನ್ನ ಕಳಿಸಿದ್ರೆ ನಿನ್ನ ಪರ್ಮಿಟ್ಟಿಗೆ ನಾನು ಒಂದಕ್ಷರ ಬರೆಯೋ ಹಾಗಿಲ್ಲ. ತಲೆಗೆ ಹೋಯ್ತಾ?’

ಹೋಯ್ತು ಅಂದೆ. ಆ ಇನ್ನೊಂದು ಪದ ಬಾಯಿಗೆ ಬಂದಿತ್ತು, ನುಂಗಿದೆ.

ಕಡ್ಡಿ ವಾಪಸ್ ಕೊಡ್ಲಾ ಅಂತ ಕೇಳ್ದೆ. ‘ಸೀಸನ್ ಮುಗಿಯೋ ತನಕ ನಿನ್ನ ಹತ್ರಾನೇ ಇರಲಿ. ಇಲ್ಲಿ ಬೇರೆ ಯಾರಿಗೂ ಕಾಯೋಕೆ ಬರಲ್ಲ’ ಅಂದ್ರು. ಕೇಳಿದ್ರಾ ಭಾವ? ಬುಗುರಿಗೆ ಸಿಕ್ಕ ಸರ್ಟಿಫಿಕೇಟು. ಫ್ರೇಮ್ ಹಾಕ್ಸಿ ಇಡಿ.

ನಿಮ್ಮ ಹೆಸರಿನ ಮುಂದೆ ಬರೆದ ‘ಕೆಲಸದಿಂದ ತೆಗೆದಿದ್ದೇವೆ’ ಅನ್ನೋ ಮಾತು ಅಳಿಸ್ತಾರಂತೆ. ಮತ್ತೆ ಬಂದ್ರೆ ಕೆಲಸ ಇದೆ ಅಂದ್ರು. ಬರ್ತೀರೋ ಇಲ್ವೋ ನಿಮ್ಮಿಷ್ಟ. ಬೈಯೋದಾದ್ರೆ ಕಾಗದದಲ್ಲೇ ಬೈಯಿರಿ, ದಪ್ಪ ಅಕ್ಷರದಲ್ಲಿ. ಹಳೇ ಕಾಗದ ನೆಂದು ನೆಂದು ‘ಮಂಡಿ’ ಅಳಿಸಿಹೋಗಿದೆ.

ಬುಗುರಿ


ಆಗಸ್ಟ್ ೨೮, ಮನೆ

ಬುಗುರಿ,

ಒಂದು ವಾರ ನಿನಗೆ ಬರೆಯಬಾರದೆಂದು ಇದ್ದೆ. ಎರಡು ಹಾಳೆ ಬೈಗುಳ ಬರೆದು ಹರಿದೆ. ನಾನು ಒಂದು ವರ್ಷ ಹೊತ್ತದ್ದನ್ನು ಒಂದೇ ಹಾಳೆಯಲ್ಲಿ ಇಳಿಸಿಬಿಟ್ಟೆಯಲ್ಲ. ಹಗುರವಾಯಿತು ಎಂದು ಹೇಳಲಾರೆ. ಹೊರೆ ಇಳಿಸಿದವನು ಸ್ವಲ್ಪ ಹೊತ್ತು ಬಗ್ಗಿಕೊಂಡೇ ನಡೆಯುತ್ತಾನೆ, ನಿನಗೆ ಗೊತ್ತಿದೆ.

ನಿನ್ನಕ್ಕನಿಗೆ ಎಲ್ಲ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದಳು. ಕೊನೆವರೆಗೂ ಕೇಳಿ, ‘ಇಬ್ಬಿಬ್ಬರು ಗಂಡಸರು ಸೇರ್ಕೊಂಡು ಒಂದು ಬಾಟಲಿ ಬಗ್ಗಿ ನೋಡೋಕಾಗ್ಲಿಲ್ವಾ?’ ಎಂದಳು. ಅದಕ್ಕೆ ಉತ್ತರ ನಿನ್ನ ಬಳಿ ಇದ್ದರೆ ಕಳಿಸು. ಮಾರನೆಯ ದಿನ ಮೆಟ್ಟಿಲು ಹತ್ತುವಾಗ ಹಿಂದಿನಿಂದ, ‘ಮಂಡಿ ಜೋಪಾನ’ ಎಂದಳು. ಇನ್ನು ಜೀವನಪೂರ್ತಿ ಕೇಳಬೇಕು ಅದನ್ನು.

ನಾನು ಬೆಟ್ಟಕ್ಕೆ ಬರುವುದಿಲ್ಲ. ಕೆಲಸ ಕೊಟ್ಟರೂ ಬರುವುದಿಲ್ಲ. ಕುಡಿಯುವ ನೀರಿಗೆ ಕೈ ಹಾಕುವಷ್ಟು ಧೈರ್ಯ ಇನ್ನೂ ಬಂದಿಲ್ಲ. ನಿನ್ನ ಪರ್ಮಿಟ್ಟು ಮುಗಿಯಲಿಕ್ಕೆ ಇನ್ನೂ ಮೂರು ತಿಂಗಳಿದೆ. ನೇರ ಇಲ್ಲಿಗೆ ಬಾ. ನಡುಮನೆಯಲ್ಲಿ ಹಾಸಿಗೆ ಹಾಸಿರುತ್ತದೆ. ಏನಾದರೂ ನೋಡೋಣ. ಏನೂ ಆಗದಿದ್ದರೆ ಹೋಗುವ ದಿನ ಜೊತೆಯಲ್ಲಿ ನಿಲ್ದಾಣದ ತನಕ ಬರುತ್ತೇನೆ. ಈ ಸಲ ನಡುನೀರಲ್ಲಲ್ಲ.

ನಿನ್ನ ಭಾವ

ಇಪ್ಪತ್ತಮೂರನೆಯದು?


ಸೆಪ್ಟೆಂಬರ್ ೯, ಮೇಲಿನ ಕ್ಯಾಂಪು

ಭಾವ,

ಸೀಸನ್ ಮುಗೀತು. ಮಧ್ಯಾಹ್ನ ಕೊನೇ ಅತಿಥಿಗಳು ಇಳಿದುಹೋದ್ರು, ಜೊತೆ ಕೆಲಸದೋರು ನಾಲ್ವರೂ ಡೇರೆ ಹೊತ್ಕೊಂಡು ಹೋದ್ರು. ಬಕೆಟ್ಟು, ಕಡ್ಡಿ, ನಾನು ಉಳಿದಿದೀವಿ. ಬೆಳಗ್ಗೆ ಇಳೀಬೇಕು.

ಟೀಚರಮ್ಮ ಉತ್ತರ ಬರೆದಿದಾರೆ. ಮೊದಲು ನನ್ನ ಕಾಗದವನ್ನೇ ವಾಪಸ್ ಕಳಿಸಿದಾರೆ ಅಂದ್ಕೊಂಡೆ. ನೋಡಿದ್ರೆ ಕೆಂಪು ಶಾಯಿಯಲ್ಲಿ ಹದಿನಾಲ್ಕು ತಪ್ಪು ತಿದ್ದಿದಾರೆ. ಕೆಳಗೆ ಬರೆದಿದಾರೆ: ‘ನಮ್ಮ ಭಾಷೆಯಲ್ಲೂ ನೀರಿಗೂ ಮಾತಿಗೂ ಆ ಪದ ಒಂದೇ. ಮೂವತ್ತೈದು ವರ್ಷ ಕ್ಲಾಸಿನಲ್ಲಿ ಅದನ್ನೇ ಕೇಳಿದೆ, ಮಕ್ಕಳು ಹೂಂ ಅಂದವು, ನಾನು ನೋಡದೆ ನಂಬಿದೆ. ನಿನ್ನ ಕಾಗದ ನನ್ನ ಮಕ್ಕಳಿಗೆ ಓದಿ ಹೇಳಿದೆ. ಬರುವ ತಿಂಗಳು ಒಬ್ಬಳೇ ಹೊರಟಿದ್ದೇನೆ. ನೀರನ್ನು ನಾನೇ ನೋಡಿಕೊಳ್ಳುತ್ತೇನೆ.’ ಕ್ಷಮಿಸಿದೆ ಅಂತ ಎಲ್ಲೂ ಬರೆದಿಲ್ಲ. ಹುಡುಕಿದೆ, ಇಲ್ಲ. ಇರಲಿ.

ಮೈಯಲ್ಲಿ ಶಕ್ತಿ ಇಲ್ಲ ಭಾವ. ಒಂದು ವಾರ ಮಲಗಿದ್ರೂ ಹೋಗೋ ಸುಸ್ತಲ್ಲ. ಹಾಗೇ ಒಂದು ಲೋಟ ಮೊಗೆದು ಕುಡಿದು ಬಿದ್ಕೊಳ್ಳೋಣ ಅನ್ನಿಸ್ತು, ದಿನಾ ಅನ್ಸೋ ಹಾಗೆ. ನಿಜ ಹೇಳ್ಬಿಡ್ತೀನಿ, ಫೋನು ತಪ್ಪು ಬರ್ಕೊಂಡಿರಲಿಲ್ಲ. ಇಪ್ಪತ್ತೆರಡೇ ಮಾಡ್ತಿದ್ದೆ, ಮೊನ್ನೆ ತನಕ.

ಇವತ್ತು ಒಂದೇ ಬಾಟಲಿ. ನಂದು. ಕತ್ತು ಒರೆಸಿದೀನಿ. ನಿಮ್ಮ ಹೊಸ ಕಾಗದದ ಮೇಲಿಟ್ಟು ಮೂರು ಗಂಟೆ ಆಯ್ತು, ಟಾರ್ಚು ಹಿಡ್ಕೊಂಡು ಬಗ್ಗಿದೀನಿ. ಮೊದಲು ಏನೂ ಇರಲಿಲ್ಲ. ಆಮೇಲೆ ಪ್ರಶ್ನೆ ಚಿಹ್ನೆಯ ಚುಕ್ಕೆ ಕಾಣಿಸ್ತು. ಈಗ ಕೊನೇ ಸಾಲು ಪೂರ್ತಿ ಓದೋಕಾಗ್ತಿದೆ.

ಫೋನು ಕೆಳಗಿಡ್ತೀನಿ ಭಾವ. ತೊಂಬತ್ತು ಸೆಕೆಂಡು ಎರಡೂ ಕೈ ಬೇಕು.